ಎಳೆದು ಹೇಳುವ ಮಾತು

ನಗುತ್ತಿದ್ದಾರೆ, ಹಲಗೆ ಗೋಡೆಯ ಆಚೆ, ಇಬ್ಬರೂ, ಮೊದಲು ಒಂದು ನಗು, ಅದರ ಬೆನ್ನಿಗೇ ಇನ್ನೊಂದು, ನನ್ನ ಜೊತೆ ಕೆಲಸ ಮಾಡುವ ಗುಬ್ಬಿಯದು ಸಣ್ಣದು, ಕಿಲಕಿಲ, ಇನ್ನೊಂದು ದಪ್ಪ ನಗು, ಎದೆಯ ತಳದಿಂದ ಬರುವಂಥದ್ದು, ಬಹಳ ದಿನ ತೆಗೆಯದೆ ಇಟ್ಟ ಪೆಟ್ಟಿಗೆಯ ಮುಚ್ಚಳ ಕಿರುಗುಟ್ಟಿಕೊಂಡು ತೆರೆದ ಹಾಗೆ — ಹೊಲಿಗೆಯವಳು ನಗಬಲ್ಲಳು ಎನ್ನುವುದೇ ನನಗೆ ಗೊತ್ತಿರಲಿಲ್ಲ, ಮೂರು ವಾರ ಅವಳ ಕಾಲಿನ ಅಳತೆ ಹಿಡಿದವನು ನಾನು, ಮಂಡಿಯ ಕೆಳಗೆ ಎಷ್ಟು ಬೆರಳು, ಸುತ್ತಳತೆ ಬೆಳಿಗ್ಗೆ ಎಷ್ಟು, ಸಂಜೆ ಊದಿದಾಗ ಎಷ್ಟು, ಎಲ್ಲಿ ಒತ್ತಿದರೆ ಹುಬ್ಬು ಗಂಟಿಕ್ಕುತ್ತಾಳೆ ಎಲ್ಲಿ ಇಲ್ಲ, ಎಲ್ಲ ಬಲ್ಲೆ, ನಗು ಮಾತ್ರ ಅಳತೆಗೆ ಸಿಕ್ಕಿರಲಿಲ್ಲ, ಬೆಳಿಗ್ಗೆ ತಾನೇ ಎದ್ದು ಹೊರಟುಹೋಗಿದ್ದವಳು ಮಧ್ಯಾಹ್ನದ ಊಟ ಮುಗಿಯುವಷ್ಟರಲ್ಲಿ ವಾಪಸು ಬಂದು ನಗುತ್ತಿದ್ದಾಳೆ, ಗುಬ್ಬಿಯೇ ಹೋಗಿ ಕರೆದುಕೊಂಡು ಬಂದಳು, ಅವಳಲ್ಲದೆ ಇನ್ನು ಯಾರು — ಅರ ನಿಂತುಬಿಟ್ಟಿದೆ ಕೈಯಲ್ಲಿ, ನಿಲ್ಲಬಾರದು, ಸದ್ದು ನಿಂತರೆ ನಾನು ಕಿವಿ ಕೊಟ್ಟು ಕೂತಿದ್ದೇನೆ ಎಂದು ಅವರಿಗೆ ಗೊತ್ತಾಗುತ್ತದೆ, ಉಜ್ಜು, ಯಾರದೋ ಮಂಡಿಯ ಈ ಪ್ಲಾಸ್ಟರ್ ಅಚ್ಚನ್ನು ಉಜ್ಜು, ಬಿಳಿ ಪುಡಿ ಉದುರಲಿ, ಮೂಗಿಗೆ ಹೋಗಲಿ, ಇಪ್ಪತ್ತಾರು ವರ್ಷದಿಂದ ಹೋಗುತ್ತಲೇ ಇದೆ, ಆಸ್ಪತ್ರೆಯ ಹಿಂಬದಿಯ ಈ ಎರಡು ಕೋಣೆಗಳಲ್ಲಿ ಕಾಲು ಕಳೆದುಕೊಂಡು ಬಂದವರಿಗೆಲ್ಲ ಕಾಲು ಮಾಡಿಕೊಟ್ಟವನು ನಾನು, ಎಲ್ಲರ ಬಾಯಲ್ಲೂ ಮೇಷ್ಟ್ರು, ಈ ಕೋಣೆ ಕೆತ್ತುವುದಕ್ಕೆ, ಆ ಕೋಣೆ ಜೋಡಿ ಕಂಬಿಯ ನಡುವೆ ನಿಲ್ಲಿಸಿ ನಡೆಸುವುದಕ್ಕೆ, ನಗುವುದಕ್ಕೆ ಎಂದು ಯಾವ ಕೋಣೆಯೂ ಇರಲಿಲ್ಲ, ಗುಬ್ಬಿ ಬರುವವರೆಗೆ.

ಹತ್ತು ತಿಂಗಳಾಯಿತು ಅವಳು ಇಲ್ಲಿ ಕೆಲಸಕ್ಕೆ ಸೇರಿ. ಗುಬ್ಬಿ ಎಂದು ಹೆಸರಿಟ್ಟವನು ನಾನೇ, ಆ ಹೆಗಲಿಗೆ ಪ್ಲಾಸ್ಟರ್ ಚೀಲ ಏರುತ್ತದೆಯೇ ಎಂದು ಆಡಿಕೊಳ್ಳುವುದಕ್ಕೆ ಇಟ್ಟದ್ದು, ಅದನ್ನೂ ಒಡವೆಯ ಹಾಗೆ ಹಾಕಿಕೊಂಡುಬಿಟ್ಟಳು, ಬಂದವರಿಗೆಲ್ಲ ನಾನು ಗುಬ್ಬಿ, ನಿಮ್ಮನ್ನ ನಡೆಸೋಳು ಎನ್ನುತ್ತಾಳೆ, ಅವರು ನಗುತ್ತಾರೆ, ಅಲ್ಲಿಗೆ ಅರ್ಧ ನೋವು ಹೋಯಿತು. ಮೊದಲ ವಾರವೇ ಕೇಳಿದಳು, ಮೇಷ್ಟ್ರೇ, ಆ ಮಾತು ಬೇಕಾ ನಮಗೆ, ಯಾವ ಮಾತು ಎಂದೆ, ಕತ್ತರಿಸಿ ಉಳಿದದ್ದನ್ನ ಮೊಂಡು ಅಂತೀರಲ್ಲ, ಅದು. ನಾನು ಅರ ಕೆಳಗಿಟ್ಟು, ಮೊಂಡನ್ನ ಮೊಂಡು ಅನ್ನದೆ ಮುತ್ತು ಅನ್ನಬೇಕೇನಮ್ಮ ಎಂದೆ, ಪಾಲಿಶ್ ಮಾಡುವವನು, ಚರ್ಮದ ಪಟ್ಟಿ ಹೊಲಿಯುವವನು, ಎಲ್ಲರೂ ನಕ್ಕರು, ಅವಳೂ ನಕ್ಕಳು, ನಕ್ಕು ಮುಗಿಸಿ ಹೇಳಿದ್ದು ಇಷ್ಟೇ — ಹೋಗಿದ್ದಕ್ಕೆ ಹೆಸರಿಡೋ ಬದಲು ಉಳಿದಿದ್ದಕ್ಕೆ ಇಡಬಹುದಲ್ವಾ, ಉಳಿದ ಕಾಲು ಅನ್ನಬಹುದು. ಉಳಿದ ಕಾಲು, ಅಬ್ಬಾ, ಎಂಥ ನಾಜೂಕು. ಮೊಂಡುಗತ್ತಿ, ಮೊಂಡುಪೊರಕೆ, ಮೊಂಡುಹಟ, ಎಲ್ಲ ಇದ್ದೇ ಇದೆ ಭಾಷೆಯಲ್ಲಿ, ನಾನೇನು ಮನೆಯಿಂದ ತಂದದ್ದಲ್ಲ, ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದೆಯುತ್ತಾರಂತೆ, ಇಲ್ಲಿ ಒದೆಯುವುದಕ್ಕೆ ಬೇಕಾದ ಕಾಲನ್ನೂ ನಾನೇ ಮಾಡಿಕೊಡಬೇಕು. ಮೂರು ತಿಂಗಳು ಹಿಡಿಯಲಿಲ್ಲ, ಪಾಲಿಶಿನವನ ಬಾಯಲ್ಲಿ ಉಳಿದ ಕಾಲು, ನರ್ಸುಗಳ ಬಾಯಲ್ಲಿ ಉಳಿದ ಕಾಲು, ಒಂದು ದಿನ ದೊಡ್ಡ ಡಾಕ್ಟರು ಹೊಸ ಫಾರಂ ಅಚ್ಚು ಹಾಕಿಸಿ ತಂದರು, ಅದರಲ್ಲೂ ಉಳಿದ ಕಾಲಿನ ಉದ್ದ, ಉಳಿದ ಕಾಲಿನ ಸುತ್ತಳತೆ, ಇಪ್ಪತ್ತಾರು ವರ್ಷ ನಾನು ಆಡಿದ ಮಾತನ್ನು ಯಾರೂ ಬಯ್ಯಲಿಲ್ಲ, ಬಿಡಿ ಎಂದು ಹೇಳಲೂ ಇಲ್ಲ, ಅದು ಸುಮ್ಮನೆ ಆ ಕಟ್ಟಡದಿಂದ ಎದ್ದುಹೋಯಿತು, ನಾನು ಒಬ್ಬನೇ ಅದನ್ನು ಹಿಡಿದುಕೊಂಡು ಕೂತಿದ್ದೆ, ಮೊಂಡನಂತೆ.

ಕೈ ನೋಡಿದರೆ ಅವಳದು ಅರೆಬರೆ ಕೆಲಸ, ಇದನ್ನು ಹೊಟ್ಟೆಕಿಚ್ಚಿಗೆ ಹೇಳುತ್ತಿಲ್ಲ, ಇಲ್ಲ, ಹೊಟ್ಟೆಕಿಚ್ಚಿಗೇ ಹೇಳುತ್ತಿದ್ದೇನೆ, ಆದರೂ ನಿಜ, ಅವಳು ಎರೆದ ಪ್ಲಾಸ್ಟರಿನಲ್ಲಿ ಗುಳ್ಳೆ, ಅವಳು ತಿದ್ದಿದ ಬಟ್ಟಲಿನ ಅಂಚು ಚರ್ಮಕ್ಕೆ ಕೊರೆಯುತ್ತದೆ, ಉಳಿದ ಕಾಲು ಕೂರುವ ಬಟ್ಟಲು ಅದು — ನೋಡು, ಉಳಿದ ಕಾಲು ಎಂದೇ ಬಂತು, ನನ್ನ ತಲೆಯೊಳಗೂ ಗೂಡು ಕಟ್ಟಿದ್ದಾಳೆ — ಅವಳು ಮನೆಗೆ ಹೋದ ಮೇಲೆ ನಾನು ಅದನ್ನು ತೆಗೆದು ಉಜ್ಜಿ ನುಣುಪು ಮಾಡಿ ಇಟ್ಟಲ್ಲೇ ಇಡುತ್ತೇನೆ, ಮಾರನೆಯ ದಿನ ರೋಗಿ ಆಹಾ ಎನ್ನುತ್ತಾನೆ, ಎಂದದ್ದು ಅವಳ ಮುಖ ನೋಡಿ. ಆ ಬಸ್ ಡ್ರೈವರು, ಆರಡಿ ಆಳು, ಅಪಘಾತದಲ್ಲಿ ಕಾಲು ಹೋಯಿತು, ಪಕ್ಕದಲ್ಲಿ ಕೂತಿದ್ದ ತಮ್ಮನೂ ಹೋದ, ಎಂಟು ತಿಂಗಳು ಮನೆಯ ಬಾಗಿಲು ದಾಟದವನನ್ನು ನಾಲ್ಕು ಜನ ಎತ್ತಿಕೊಂಡು ತಂದಿದ್ದರು, ಎಷ್ಟು ಹೇಳಿದರೂ ಕಂಬಿ ಹಿಡಿಯಲೊಲ್ಲ, ಇವಳು ಅವನ ಎದುರು ಸ್ಟೂಲು ಹಾಕಿಕೊಂಡು ಕೂತು ಮೆಲ್ಲಗೆ ಕೇಳಿದಳು, ತಮ್ಮನ್ನ ಮನೇಲಿ ಏನಂತ ಕರೀತಿದ್ರಿ. ಇದೆಂಥ ಪ್ರಶ್ನೆ, ಹುಣ್ಣಿಗೆ ಕೈ ಹಾಕುತ್ತಾಳಲ್ಲ ಎಂದುಕೊಂಡೆ, ಅವನು ಅತ್ತ, ಗೋಡೆ ನಡುಗುವ ಹಾಗೆ ಅತ್ತ, ತಮ್ಮನ ಮುದ್ದಿನ ಹೆಸರು ಎರಡು ಸಲ ಹೇಳಿದ, ಆಮೇಲೆ ಮೂಗು ಒರೆಸಿಕೊಂಡು ಕಂಬಿ ಹಿಡಿದು ಎದ್ದ. ಆ ಕಾಲಿನ ಒಂದೊಂದು ಇಂಚು ನನ್ನ ಕೈಯದು, ಅವನು ನಡೆದುಕೊಂಡು ಮನೆಗೆ ಹೊರಟ ದಿನ ಅವಳ ಎರಡೂ ಕೈ ಹಿಡಿದು, ನೀನು ನಡೆಸಿದೆ ಮಗಳೇ ಎಂದ, ನನಗೆ ವಾಚ್‌ಮನ್‌ಗೆ ಆಡಿಸುವ ಹಾಗೆ ತಲೆ ಆಡಿಸಿದ. ಒಂದು ಚೀಲ ಕಿತ್ತಳೆ ಕೊಟ್ಟಿದ್ದ ಅವಳಿಗೆ, ಅದರಲ್ಲಿ ಅರ್ಧ ತಂದು ನನ್ನ ಮೇಜಿನ ಮೇಲಿಟ್ಟು, ಅರ್ಧ ನಿಮ್ಮದು ಮೇಷ್ಟ್ರೇ, ಕಾಲು ನಿಮ್ಮದೇ ತಾನೆ ಎಂದಳು, ಅರ್ಧ, ಕಾಲು, ತಮಾಷೆಯೋ ಪ್ರೀತಿಯೋ, ಎರಡೂ ಒಟ್ಟಿಗೆ ಹೇಗೆ ಬರುತ್ತದೆ ಒಬ್ಬರ ಬಾಯಿಗೆ, ನಾನು ಆ ಹಣ್ಣನ್ನು ಮುಟ್ಟಲಿಲ್ಲ, ಡ್ರಾಯರಿನಲ್ಲೇ ಒಣಗಿ ಗಟ್ಟಿಯಾಗಿ ಗೋಲಿಯಾದವು.

ಹೆಂಡತಿ ಒಂದು ಸಂಜೆ ಶಾಲೆ ಬಿಟ್ಟು ಇತ್ತ ಬಂದಿದ್ದಳು, ಸಣ್ಣ ಮಕ್ಕಳಿಗೆ ಪಾಠ ಹೇಳುವವಳು, ಗುಬ್ಬಿಯ ಜೊತೆ ಮಾತಾಡಿದ್ದು ಐದು ನಿಮಿಷ, ಮನೆಯವರೆಗೂ ದಾರಿಯುದ್ದ ಅದೇ, ಎಷ್ಟು ಚೆನ್ನಾಗಿ ಮಾತಾಡ್ತಾಳೆ ರೀ ಆ ಹುಡುಗಿ, ಎದುರಿಗಿರೋರ ಮುಖ ನೋಡ್ಕೊಂಡು ಮಾತಾಡ್ತಾಳೆ, ಆಮೇಲೆ ತಿರುವಿನಲ್ಲಿ, ಊರೋರ ಕಾಲಿಗೆಲ್ಲ ಅರ ಹಿಡೀತೀರಿ, ಒಂದು ದಿನ ನಾಲಿಗೆಗೂ ಹಿಡೀಬಾರದಾ. ನಾನು ನಕ್ಕೆ, ಮಾತು ಚೆನ್ನಾಗಿಯೇ ಇತ್ತು, ಆದರೆ ಅದು ಎಲ್ಲಿಂದ ಬಂದ ಮಾತು ಎಂದು ಇಬ್ಬರಿಗೂ ಗೊತ್ತಿತ್ತು. ತಂಗಿ. ಹೊಟ್ಟೆಯಲ್ಲಿದ್ದ ಮಗು ಏಳು ತಿಂಗಳಿಗೇ ಹೋಗಿತ್ತು, ಆಸ್ಪತ್ರೆಯ ಮಂಚದ ಮೇಲೆ ಮಲಗಿದ್ದಳು, ನಾನು ಎರಡು ಬಸ್ಸು ಬದಲಾಯಿಸಿ ಓಡಿ ಹೋದವನು, ಅವಳ ತಲೆಯ ಹತ್ತಿರ ನಿಂತು, ಹೋಗ್ಲಿ ಬಿಡು, ಇನ್ನೊಂದಾಗುತ್ತೆ, ನಿನಗೇನು ವಯಸ್ಸಾಯ್ತಾ ಎಂದೆ. ಸಮಾಧಾನಕ್ಕೇ ಹೇಳಿದ್ದು, ನನ್ನ ಪ್ರಾಣ ಅವಳು, ಬೇರೆ ಏನು ಹೇಳಬೇಕಿತ್ತು ಎಂದು ಇವತ್ತಿಗೂ — ಇಲ್ಲ, ಈಗ ಗೊತ್ತಾಗಿದೆ, ಆ ಡ್ರೈವರು ಅತ್ತ ದಿನ ಗೊತ್ತಾಯಿತು, ಮಗುವಿಗೆ ಏನು ಹೆಸರು ಅಂದುಕೊಂಡಿದ್ದೆ ಎಂದು ಕೇಳಬೇಕಿತ್ತು, ಅಷ್ಟೇ, ನಾಲ್ಕು ಮಾತು, ಅವು ನನ್ನ ಬಾಯಿಗೆ ಬರಲಿಲ್ಲ, ಯಾರೂ ಅಲ್ಲದ ಈ ಗುಬ್ಬಿಯ ಬಾಯಿಗೆ ಯಾರೋ ಡ್ರೈವರಿಗಾಗಿ ಬಂದವು. ಅಣ್ಣ ನೀನು ಹೋಗು ಎಂದು ತಂಗಿ ಗೋಡೆಯ ಕಡೆ ತಿರುಗಿದವಳು ಆರು ವರ್ಷವಾಯಿತು, ನಮ್ಮ ಮನೆಯ ಹೊಸ್ತಿಲು ತುಳಿದಿಲ್ಲ. ಗುಬ್ಬಿಯ ಹತ್ತಿರ ಇದೆ ನನ್ನ ಹತ್ತಿರ ಇಲ್ಲ ಎನ್ನುವುದು ಬೇರೆ ಹೊಟ್ಟೆಕಿಚ್ಚು, ಅವಳ ಹತ್ತಿರ ಇದ್ದದ್ದು ನನ್ನ ಹತ್ತಿರ ಆ ದಿನ ಇದ್ದಿದ್ದರೆ ಎನ್ನುವುದು ಬೇರೆ, ಎರಡನೆಯದು ಸುಡುವುದು ಇನ್ನೂ ಒಳಗೆ.

ಹೊಲಿಗೆಯವಳು ಮಾತ್ರ ನನ್ನವಳು, ಹಾಗೆಂದುಕೊಂಡಿದ್ದೆ. ನದಿಯಾಚೆಯವಳು, ನಮ್ಮ ಮಾತು ಅಷ್ಟಕ್ಕಷ್ಟೆ, ಅರವತ್ತರ ಆಸುಪಾಸು, ಮಾರುಕಟ್ಟೆಯ ಹಿಂದಿನ ಸಾಲಿನಲ್ಲಿ ತುಳಿಯುವ ಯಂತ್ರ ಇಟ್ಟುಕೊಂಡು ನಲವತ್ತು ವರ್ಷ ಹೊಲಿದವಳು, ಸಕ್ಕರೆ ಕಾಯಿಲೆ, ಬಲಗಾಲು ಮಂಡಿಯ ಕೆಳಗೆ ತೆಗೆದಿದ್ದರು. ಮೊದಲ ದಿನ ಬಂದಾಗ ಕಾಲಿನ ತುದಿಗೆ ಒಂದು ಚೀಲ ಹೊಲಿದುಕೊಂಡು ಬಂದಿದ್ದಳು, ಹತ್ತಿಯದು, ಒಳಗೆ ಮೆತ್ತನೆಯ ಅಸ್ತರಿ, ಹೊಲಿಗೆ ಒಂದೂ ಚರ್ಮಕ್ಕೆ ತಾಗದ ಹಾಗೆ ಹೊರಗೆ ಮಡಿಚಿದ ಅಂಚು, ನಾನು ಅದನ್ನು ತಿರುಗಿಸಿ ತಿರುಗಿಸಿ ನೋಡಿದೆ, ಅವಳು ನಾನು ನೋಡುವುದನ್ನು ನೋಡಿದಳು, ಕೈ ಬಲ್ಲವರಿಗೆ ಕೈ ಗೊತ್ತಾಗುತ್ತದೆ, ಅದಕ್ಕೆ ಮಾತು ಬೇಕಿಲ್ಲ, ಇಲ್ಲಿ ಗುಬ್ಬಿಗೆ ಜಾಗವಿಲ್ಲ ಎಂದು ನನಗೆ ಒಳಗೊಳಗೇ ಹಿಗ್ಗು. ನಡೆಯುವ ಕಾಲು ಯಾರು ಬೇಕಾದರೂ ಮಾಡಿಯಾರು, ತುಳಿಯುವ ಕಾಲು ಬೇಕಿತ್ತು ಅವಳಿಗೆ, ಪಾದದ ಕೀಲು ಮುಂದಕ್ಕೂ ಹಿಂದಕ್ಕೂ ಬಾಗಬೇಕು, ಬಾಗಿ ತಾನೇ ಮರಳಬೇಕು, ಮೂರು ವಾರ ರಬ್ಬರು ಕತ್ತರಿಸಿ, ಸ್ಪ್ರಿಂಗು ಬದಲಾಯಿಸಿ, ಮನೆಯ ಹಳೆಯ ಯಂತ್ರವನ್ನು ನಾನೇ ತುಳಿದು ತುಳಿದು ನೋಡಿ ಕೂರಿಸಿದ ಕೀಲು ಅದು. ನಿನ್ನೆ ದೊಡ್ಡ ಡಾಕ್ಟರು ಬಂದು, ಕಾಲು ಚೆನ್ನಾಗಿದೆ ಮೇಷ್ಟ್ರೇ, ನಾಳೆ ನಿಲ್ಲಿಸೋದಕ್ಕೆ ಗುಬ್ಬಿ ಇರಲಿ, ಆಕೆಗೆ ಧೈರ್ಯ ಬರುತ್ತೆ ಎಂದರು. ಧೈರ್ಯ. ನಾನಿದ್ದರೆ ಬರುವುದಿಲ್ಲ. ಸಂಜೆ ಗುಬ್ಬಿ ಪುಸ್ತಕ ಹಿಡಿದುಕೊಂಡು ಬಂದಳು, ಮೇಷ್ಟ್ರೇ, ಅವರ ಭಾಷೆ ನಿಮಗೆ ಬರುತ್ತಂತೆ, ಎದ್ದು ನಿಲ್ಲಿ ಅನ್ನೋದಕ್ಕೆ ಏನಂತಾರೆ, ಅವರ ಮಾತಲ್ಲೇ ಹೇಳಿದರೆ ಖುಷಿಯಾಗುತ್ತಲ್ವಾ. ಬರುತ್ತದೆ ನನಗೆ, ಅಪ್ಪ ಗೋದಾಮಿನಲ್ಲಿ ಮೂಟೆ ಹೊರಿಸುವ ಮೇಸ್ತ್ರಿ, ಹೊರುವವರು ನದಿಯಾಚೆಯವರು, ಅಪ್ಪನ ಬಾಯಲ್ಲಿ ಅವರ ಭಾಷೆಯ ಹತ್ತೇ ಮಾತು, ಏಳು, ಹೊರು, ನಡಿ, ಬೇಗ, ಎತ್ತಿಗೆ ಹೇಳುವ ಹಾಗೆ, ಚಿಕ್ಕಂದಿನಲ್ಲಿ ಅಪ್ಪನಿಗೆ ಬುತ್ತಿ ಒಯ್ಯುತ್ತಿದ್ದ ನಾನೂ ಒಬ್ಬ ಮುದುಕನಿಗೆ ಹಾಗೇ ಏಳು ಎಂದಿದ್ದೆ, ಅವನು ಸಿಟ್ಟಾಗಲಿಲ್ಲ, ಕೂತಲ್ಲಿಂದಲೇ, ನಮ್ಮ ಮಾತಲ್ಲೂ ನೀವು ಅನ್ನೋದು ಇದೆ ಮಗು, ಕೊನೇಲಿ ಸ್ವಲ್ಪ ಎಳೀಬೇಕು, ಎಳೆದರೆ ನಾಲಿಗೆ ಸವೆಯೋದಿಲ್ಲ ಎಂದು ಎಳೆದು ತೋರಿಸಿದ್ದ, ನಾನು ಎಳೆದು ಹೇಳಿದೆ, ಅವನು ಎದ್ದು ನಿಂತ. ಎರಡೂ ಗೊತ್ತಿತ್ತು ನನಗೆ, ಎಳೆಯುವುದೂ ಎಳೆಯದಿರುವುದೂ. ಗುಬ್ಬಿ ಪೆನ್ನು ಹಿಡಿದು ನಿಂತಿದ್ದಳು. ಎಳೆಯದೆ ಹೇಳಿದೆ. ಬರೆದುಕೊಂಡು ಎರಡು ಸಲ ಓದಿ ತೋರಿಸಿದಳು, ಎರಡನೆಯ ಸಲ ಅವಳಾಗಿಯೇ ಕೊನೆಯಲ್ಲಿ ಸ್ವಲ್ಪ ಎಳೆದಳು, ಯಾರೂ ಕಲಿಸದೆ, ಅವಳ ನಾಲಿಗೆಯ ಗುಣವೇ ಹಾಗೆ, ನಾನು ಬೆರಳೆತ್ತಿ, ಎಳೀಬೇಡ, ಮೊಟಕಾಗಿ ಹೇಳು ಎಂದು ತಿದ್ದಿದೆ.

ಈ ಬೆಳಿಗ್ಗೆ. ಹೊಲಿಗೆಯವಳು ಕುರ್ಚಿಯಲ್ಲಿ ಕೂತಿದ್ದಾಳೆ, ಮಂಡಿಯ ಮೇಲೆ ಬಿಳಿ ಬಟ್ಟೆ, ನನ್ನ ಕಾಲು ಅವಳ ಕಾಲಿಗೆ ಕೂತಿದೆ, ಗುಬ್ಬಿ ಎದುರಿಗೆ, ಎರಡೂ ಕೈ ಚಾಚಿ, ಮುಖವೆಲ್ಲ ನಗುವಾಗಿ, ಆ ಮಾತನ್ನು ಹೇಳಿದಳು, ನಾನು ತಿದ್ದಿದಷ್ಟೇ ಮೊಟಕಾಗಿ, ಕೋಣೆಯೆಲ್ಲ ಕೇಳುವ ಹಾಗೆ. ನಾನು ಬಾಗಿಲಲ್ಲಿ ನಿಂತಿದ್ದೆ, ಅದಕ್ಕೇ ನಿಂತಿದ್ದೆ. ಹೊಲಿಗೆಯವಳು ಬಯ್ಯುತ್ತಾಳೆ ಎಂದುಕೊಂಡಿದ್ದೆ, ಬಯ್ದರೆ ಗುಬ್ಬಿಯ ಮುಖ ಸಣ್ಣಗಾಗುತ್ತದೆ, ಒಂದು ದಿನವಾದರೂ, ಅಷ್ಟೇ ಬೇಕಿತ್ತು ನನಗೆ. ಬಯ್ಯಲಿಲ್ಲ. ತಲೆ ತಗ್ಗಿಸಿ ಮಂಡಿಯ ಮೇಲಿನ ಬಟ್ಟೆಯನ್ನು ಕೆಳಕ್ಕೆ ಎಳೆದು ಕಾಲು ಮುಚ್ಚಿಕೊಂಡಳು, ಅದರ ಮೇಲೆ ಅಂಗೈ ಇಟ್ಟು ಒಮ್ಮೆ ಸವರಿದಳು, ಸೂಜಿಯ ಕೆಳಗೆ ಬಟ್ಟೆ ಇಡುವ ಮುಂಚೆ ಸುಕ್ಕು ತೆಗೆಯುವ ಹಾಗೆ, ನಿಧಾನಕ್ಕೆ, ಇನ್ನೊಮ್ಮೆ ಸವರಿದಳು. ನಲವತ್ತು ವರ್ಷ ಈ ಊರಿನಲ್ಲಿ ಆ ಮೊಟಕು ಮಾತನ್ನು ಎಷ್ಟು ಬಾಯಿಂದ ಕೇಳಿದ್ದಳೋ, ಎಷ್ಟು ಸಲ ಹೀಗೆ ಸುಕ್ಕು ತೆಗೆದಿದ್ದಳೋ. ಆಮೇಲೆ ಕಾಲು ಕಳಚಿ ಪಕ್ಕಕ್ಕಿಟ್ಟು, ಊರುಗೋಲು ತೆಗೆದುಕೊಂಡು ಹೋದಳು. ಗುಬ್ಬಿ ಚಾಚಿದ ಕೈ ಇಳಿಸುವುದನ್ನೇ ಮರೆತಿದ್ದಳು. ನನ್ನ ಮೇಜಿನ ಹತ್ತಿರ ಬಂದು, ಮೇಷ್ಟ್ರೇ, ನಾನು ತಪ್ಪಾಗಿ ಹೇಳಿದೆನಾ ಎಂದಳು, ಉಚ್ಚಾರ ಸ್ವಲ್ಪ ಹೆಚ್ಚುಕಮ್ಮಿ ಆಗಿರಬಹುದು ಎಂದೆ, ನಾಲಿಗೆ ತಡವರಿಸಲೂ ಇಲ್ಲ. ಅವಳು ಪುಸ್ತಕ ತೆಗೆದು ಆ ಪುಟ ನೋಡಿದಳು, ನೋಡಿಯೇ ನೋಡಿದಳು, ಪುಟ ಮಡಿಚಿ, ನಾನು ಸರಿಯಾಗೇ ಬರ್ಕೊಂಡಿದ್ದೆ ಮೇಷ್ಟ್ರೇ ಎಂದಳು. ಅಷ್ಟೇ. ದನಿ ಏರಲಿಲ್ಲ, ಊಟದ ಡಬ್ಬಿ ಬಿಚ್ಚದೆ ಮಾರುಕಟ್ಟೆಯ ಕಡೆ ಹೊರಟಳು. ನಾನು ಊಟ ಮಾಡಿದೆ, ಪೂರ್ತಿ ಮಾಡಿದೆ, ಒಂದು ಅಗುಳು ಬಿಡದೆ, ರುಚಿ ಏನಿತ್ತೋ ತಿಳಿಯದು, ಕಣ್ಣ ಮುಂದೆ ಬಟ್ಟೆ ಸವರುವ ಅಂಗೈ.

ಈಗ ನಗು ನಿಂತಿದೆ. ಹೊಲಿಗೆಯವಳ ದನಿ, ಒಡೆದ ನಮ್ಮ ಮಾತಿನಲ್ಲಿ, ಆ ಮಾತು ಯಾರು ಕಲಿಸಿದ್ದು ನಿನಗೆ. ಅರ ನಿಂತಿತು, ನಿಲ್ಲಲಿ, ಕೇಳಿಸಿದರೆ ಕೇಳಿಸಲಿ. ಹೇಳುತ್ತಾಳೆ ಈಗ, ಹೇಳು, ಹೇಳಬೇಕಾದದ್ದೇ, ಹೇಳಿದರೆ ನಾನೂ ಅವಳೂ ಒಂದೇ ಎತ್ತರಕ್ಕೆ ಬರುತ್ತೇವೆ. ನಾನೇ ತಪ್ಪು ಬರ್ಕೊಂಡಿದ್ದೆ ಅಮ್ಮಾ ಎಂದಳು ಗುಬ್ಬಿ, ಇನ್ನೊಂದ್ಸಲ ಹೇಳಿಕೊಡಿ. ಕ್ಷಮಿಸುವುದರಲ್ಲೂ ನನಗಿಂತ ಮುಂದೆ, ಅದನ್ನೂ ನನಗೆ ಬಿಡಲಿಲ್ಲ. ಹೊಲಿಗೆಯವಳು ಹೇಳಿಕೊಡುತ್ತಾಳೆ, ಗುಬ್ಬಿ ಹೇಳುತ್ತಾಳೆ, ಅತಿಯಾಗಿ ಎಳೆದುಬಿಟ್ಟಳು, ಮತ್ತೆ ಇಬ್ಬರ ನಗು, ಓಹೋ, ನಗುವುದು ಇದಕ್ಕೇ, ಇಷ್ಟು ಹೊತ್ತೂ ಇದೇ ಪಾಠ ನಡೆದಿದೆ, ಆ ಮಾತು ನನ್ನ ಹತ್ತಿರ ಇತ್ತು, ನಲವತ್ತು ವರ್ಷದಿಂದ ಇತ್ತು, ಅವಳು ಹುಟ್ಟುವ ಮುಂಚಿನಿಂದ ಇತ್ತು, ಮೂರು ವಾರ ದಿನಾ ಈ ಹೆಂಗಸು ನನ್ನ ಎದುರು ಕೂತಿದ್ದಳು, ಒಂದು ಸಲ, ಒಂದೇ ಒಂದು ಸಲ ನಾನು ಎಳೆದು ಹೇಳಿದ್ದರೆ ಆ ನಗು ನನ್ನದಾಗುತ್ತಿತ್ತು, ಇಟ್ಟುಕೊಂಡೆ, ಡ್ರಾಯರಿನಲ್ಲಿ ಇಟ್ಟುಕೊಂಡೆ — ಮೇಷ್ಟ್ರೇ, ಕೀಲು ಸ್ವಲ್ಪ ಬಿಗಿ ಇದೆಯಂತೆ, ಬರ್ತೀರಾ. ಗುಬ್ಬಿ ಬಾಗಿಲಲ್ಲಿ. ಅವಳ ಕಣ್ಣು ನೋಡಬಾರದು, ನೋಡಿದೆ, ಅದರಲ್ಲಿ ಏನೂ ಇಲ್ಲ, ಬರ್ತೀರಾ ಎನ್ನುವುದಷ್ಟೇ ಇದೆ. ಸ್ಕ್ರೂ ತಿರುಗಿಸುವ ಕೀಲಿಯನ್ನು ತೆಗೆದುಕೊಂಡು ಹೋದೆ, ಕೈಯಲ್ಲಿ ಪ್ಲಾಸ್ಟರ್ ಪುಡಿ. ಹೊಲಿಗೆಯವಳು ಕಂಬಿಗೆ ಆತು ಕುರ್ಚಿಯ ಅಂಚಿನಲ್ಲಿ ಕೂತಿದ್ದಾಳೆ, ಕಾಲಿಗೆ ನನ್ನ ಕಾಲು, ಮಂಡಿಯ ಮೇಲೆ ಬಟ್ಟೆ. ಮಂಡಿಯೂರಿ ಕೂತೆ, ಸ್ಕ್ರೂ ಕಾಲು ಸುತ್ತು ಸಡಿಲ ಮಾಡಿದೆ, ತುಳಿಯಿರಿ ಎಂದು ಕೈಯಲ್ಲಿ ತೋರಿಸಿದೆ, ಪಾದ ಬಾಗಿತು, ಮರಳಿತು, ಬಾಗಿತು, ಮರಳಿತು, ಯಂತ್ರದ ಲಯಕ್ಕೆ, ಎಷ್ಟು ಚೆಂದ, ನನ್ನ ಕೈ ಮಾಡಿದ್ದು. ತಲೆ ಎತ್ತಿದರೆ ಹೊಲಿಗೆಯವರು ನನ್ನನ್ನೇ ನೋಡುತ್ತಿದ್ದಾರೆ. ಗೊತ್ತಾಗಿದೆ ಅವರಿಗೆ. ಆ ಮೊಟಕು ಮಾತು ಗೋದಾಮಿನದು, ಮೇಸ್ತ್ರಿಯ ಮನೆಯದು, ಗುಬ್ಬಿಯಂಥವಳ ಬಾಯಿಗೆ ಅದು ತಾನಾಗಿ ಬರುವುದಿಲ್ಲ ಎಂದು ಅವರಿಗೆ ಗೊತ್ತಾಗದೆ ಇನ್ನಾರಿಗೆ ಗೊತ್ತಾದೀತು. ಕ್ಷಮಿಸಿ ಎನ್ನುವುದಕ್ಕೆ ಅವರ ಭಾಷೆಯಲ್ಲಿ ಏನೆನ್ನುತ್ತಾರೆ, ಅಪ್ಪನ ಹತ್ತು ಮಾತಿನಲ್ಲಿ ಅದಿಲ್ಲ, ಮುದುಕನೂ ಅದನ್ನು ಕಲಿಸಲಿಲ್ಲ. ನನಗೆ ಏಳಲಾಗುತ್ತಿಲ್ಲ ಎಂದು ಕಂಡಿತೋ ಏನೋ, ಅವರು ಬಾಗಿ, ಮೆಲ್ಲಗೆ, ನನಗೆ, ನನ್ನೊಬ್ಬನಿಗೇ ಕೇಳುವ ಹಾಗೆ ಆ ಮಾತನ್ನು ಹೇಳಿದರು, ಎಳೆದು, ಕೊನೆಯಲ್ಲಿ ಪೂರ್ತಿ ಎಳೆದು. ನಾನು ಏಳಬೇಕು ಈಗ. ಗುಬ್ಬಿ ನೋಡುತ್ತಿದ್ದಾಳೆ, ಏಳಬೇಕು, ಕಣ್ಣ ಮಟ್ಟಕ್ಕೆ ಅವರ ಮಂಡಿ, ಅದರ ಮೇಲೆ ಬಟ್ಟೆ, ಬಟ್ಟೆಯಲ್ಲಿ ಸುಕ್ಕೇ ಇಲ್ಲ, ಒಂದೂ ಇಲ್ಲ, ಆದರೂ ಅವರ ಅಂಗೈ ಅದರ ಮೇಲೆ, ಸವರುತ್ತಿದೆ, ನಿಧಾನಕ್ಕೆ, ಒಮ್ಮೆ, ಇನ್ನೊಮ್ಮೆ, ಅಂಗೈ, ಬಟ್ಟೆಯ ಮೇಲೆ ಅಂಗೈ